ಪ್ರೂಫ್ ತೋರಿಸದೆ ಅಚ್ಚಾಗುವ ಕಾನೂನು

(ಬಡಾವಣೆಯ ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು. ಸಭೆಗೆ ಬರಲಾಗದ ಓದುಗರಿಗಾಗಿ ಅವರೇ ಬರೆದುಕೊಟ್ಟಿದ್ದಾರೆ.)



ನಾನು ಭಾಷಣ ಮಾಡುವವನಲ್ಲ. ಭಾಷಣ ಮಾಡುವವರ ಕರಪತ್ರ ಅಚ್ಚು ಹಾಕುವವನು. ಪಿಯುಸಿ ಮುಗಿಸಿದ ವರ್ಷವೇ ಅಪ್ಪನ ಪ್ರೆಸ್ಸಿಗೆ ಬಂದು ಕೂತೆ. ಆಗ ನಮ್ಮಲ್ಲಿ ಒಂದು ಟ್ರೆಡಲ್ ಮಷಿನ್ ಇತ್ತು, ಮೂರು ಗೋಡೆಗೂ ಮೊಳೆಗಳ ಕೇಸುಗಳಿದ್ದವು. ಈಗ ಒಂದು ಸಣ್ಣ ಆಫ್‌ಸೆಟ್ ಇದೆ, ಎರಡು ಕಂಪ್ಯೂಟರ್ ಇವೆ. ಲಗ್ನಪತ್ರಿಕೆ, ಗಣಪತಿ ಹಬ್ಬದ ಚಂದಾ ರಸೀದಿ, ಅಂಗಡಿಗಳ ಬಿಲ್ ಬುಕ್ಕು, ನಿಮ್ಮಂಥವರ ಹ್ಯಾಂಡ್‌ಬಿಲ್ಲು, ಇಷ್ಟೇ ನನ್ನ ಬದುಕು. "ಪಾರ್ಲಿಮೆಂಟಿಗೆ ಬರೋ ಬಿಲ್ಲುಗಳ ಬಗ್ಗೆ ಮಾತಾಡಿ ಸಾರ್" ಅಂತ ನಿಮ್ಮ ಹುಡುಗರು ಬಂದರು. ಬಿಲ್ಲಿನ ಬಗ್ಗೆ ಮಾತಾಡಲು ನನಗಿಂತ ಯೋಗ್ಯ ಯಾರಿದ್ದಾರೆ, ನಿಮ್ಮ ಸಂಘದ ರಾಜ್ಯೋತ್ಸವದ ಬಿಲ್ಲೇ ಇನ್ನೂ ಬಾಕಿ ಇದೆ ಅಂದೆ. ನಕ್ಕರು. ಬಾಕಿ ಮಾತ್ರ ಕೊಡಲಿಲ್ಲ.

ತಮಾಷೆ ಇರಲಿ. ಈ ದಿಲ್ಲಿಯ ಬಿಲ್ಲು ನನ್ನ ಪ್ರೆಸ್ಸಿನ ಬಾಗಿಲಿಗೆ ಬಂದ ಕತೆಯನ್ನೇ ಮೊದಲು ಹೇಳುತ್ತೇನೆ.

ನಮ್ಮ ಕಸುಬಿಗೆ ಒಂದು ಕಾನೂನಿತ್ತು. 1867ರದು, ಬ್ರಿಟಿಷರು ಮಾಡಿದ್ದು. ಪ್ರೆಸ್ ಇಟ್ಟುಕೊಂಡವನು ಮ್ಯಾಜಿಸ್ಟ್ರೇಟರ ಮುಂದೆ ಹೋಗಿ, ಇಂಥ ಜಾಗದಲ್ಲಿ ನನ್ನ ಪ್ರೆಸ್ ಇದೆ ಅಂತ ಡಿಕ್ಲರೇಷನ್ ಕೊಡಬೇಕು. ಅಚ್ಚಾದ ಪುಸ್ತಕ, ಪತ್ರಿಕೆಗಳ ಮೇಲೆ ಮುದ್ರಕನ ಹೆಸರು, ಅಚ್ಚಾದ ಊರು ಇರಲೇಬೇಕು. ನಮ್ಮಪ್ಪ ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷಿನಲ್ಲಿ ಅವರಿಗೆ ಬರುತ್ತಿದ್ದದ್ದು ಮೊಳೆಗಳ ಆಕಾರ ಮಾತ್ರ, ಅದೂ ತಿರುಗುಮುರುಗಾಗಿ. ಆದರೂ ಆ ಕಾನೂನು ಅವರಿಗೆ ಬಾಯಿಪಾಠ. ಅವರಿಗೆ ಅವರ ಫೋರ್‌ಮನ್ ಹೇಳಿಕೊಟ್ಟದ್ದು, ಫೋರ್‌ಮನ್‌ಗೆ ಇನ್ಯಾರೋ ಹಿರಿಯರು ಹೇಳಿಕೊಟ್ಟದ್ದು. ಡಿಕ್ಲರೇಷನ್ ಕಾಗದಕ್ಕೆ ಕಟ್ಟು ಹಾಕಿಸಿ ಲಕ್ಷ್ಮಿ ಫೋಟೋ ಪಕ್ಕ ತೂಗುಹಾಕಿದ್ದರು. ಎರಡಕ್ಕೂ ಒಟ್ಟಿಗೇ ಊದುಬತ್ತಿ.

ಆ ಕಾನೂನು ಸತ್ತದ್ದು ನನಗೆ ಗೊತ್ತೇ ಆಗಲಿಲ್ಲ. 2023ರ ಆಗಸ್ಟ್ 1ರಂದು ರಾಜ್ಯಸಭೆಯಲ್ಲಿ ಪ್ರೆಸ್ ಮತ್ತು ನಿಯತಕಾಲಿಕಗಳ ನೋಂದಣಿಯ ಹೊಸ ಮಸೂದೆ ಮಂಡಿಸಿದರು. ಆಗಸ್ಟ್ 3ಕ್ಕೆ ಅಲ್ಲಿ ಪಾಸು. ಡಿಸೆಂಬರ್ 21ಕ್ಕೆ ಲೋಕಸಭೆಯಲ್ಲೂ ಪಾಸು. 2024ರ ಮಾರ್ಚ್ 1ರಿಂದ ಜಾರಿ. 156 ವರ್ಷ ಬಾಳಿದ ಕಾನೂನಿನ ಜಾಗಕ್ಕೆ ಹೊಸದು ಬಂದು ಕೂತಿತು. ಈ ಕಸುಬಿನಲ್ಲೇ ತಲೆಗೂದಲು ನರೆಸಿಕೊಂಡ ನಾನು ಲಗ್ನಪತ್ರಿಕೆ ಅಚ್ಚು ಹಾಕುತ್ತಾ ಕೂತಿದ್ದೆ.

ಗೊತ್ತಾದದ್ದು ಆಮೇಲಿನ ತಿಂಗಳು, ಲೋಕಸಭಾ ಚುನಾವಣೆಯ ಗಲಾಟೆಯಲ್ಲಿ. ಅಭ್ಯರ್ಥಿಯೊಬ್ಬರ ಬಂಟ ಬಂದು ಹತ್ತು ಸಾವಿರ ಹ್ಯಾಂಡ್‌ಬಿಲ್ಲು ಬೇಕು, ಕೆಳಗೆ ಪ್ರೆಸ್ಸಿನ ಹೆಸರು ಹಾಕಬೇಡಿ ಅಂದ. ಆಗಲ್ಲ ಅಂದೆ. ಚುನಾವಣೆಯ ಕರಪತ್ರಕ್ಕೆ ಮುದ್ರಕನ ಹೆಸರು, ವಿಳಾಸ, ಪ್ರಕಾಶಕನ ಹೆಸರು, ವಿಳಾಸ ಎಲ್ಲವೂ ಇರಬೇಕು. ಪ್ರಕಾಶಕನ ಘೋಷಣೆಗೆ ಅವನನ್ನು ಬಲ್ಲ ಇಬ್ಬರ ಸಹಿ ಬೇಕು. ತಪ್ಪಿದರೆ ಆರು ತಿಂಗಳು ಜೈಲು, ಇಲ್ಲವೇ ಎರಡು ಸಾವಿರ ದಂಡ, ಇಲ್ಲವೇ ಎರಡೂ. ಇದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ. ಅವನು ನಕ್ಕು, "ಹಳೇ ಕಾನೂನೆಲ್ಲಾ ಹೋಯ್ತು ಕಣ್ರೀ ಯಜಮಾನ್ರೆ. ಪ್ರೆಸ್ಸಿಗೆ ಹೊಸ ಆಕ್ಟ್ ಬಂದಿದೆ. ನಿಮ್ಮ ಪ್ರೆಸ್ಸೇ ರಿಜಿಸ್ಟರ್ ಆಗಿಲ್ಲ, ನೀವು ನನಗೆ ಕಾನೂನು ಹೇಳ್ತೀರಾ" ಅಂದ.

ಕೆಲಸವನ್ನೇನೋ ಬಿಟ್ಟೆ. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಪಕ್ಕದ ಬೀದಿಯಲ್ಲಿ ಅರ್ಜಿ ತುಂಬಿಕೊಡುವ ಬ್ರೋಕರ್ ಒಬ್ಬನ ಹತ್ತಿರ ಓಡಿದೆ. ಹೌದು, ಬಂದಿದೆ, ಈಗಲೇ ಮಾಡಿಸಬೇಕು ಅಂದ. ಮೂರೂವರೆ ಸಾವಿರ ತೆಗೆದುಕೊಂಡ. ಇಂಗ್ಲಿಷಿನ ಕಾಗದಗಳನ್ನು ಮುಂದಿಟ್ಟು ಇಲ್ಲಿ, ಇಲ್ಲಿ, ಇಲ್ಲಿ ಅಂತ ಬೆರಳು ತೋರಿಸಿದ. ತೋರಿಸಿದ ಕಡೆಯೆಲ್ಲಾ ಸಹಿ ಹಾಕಿದೆ. ಹೆಮ್ಮೆಯಿಂದ ಕನ್ನಡದಲ್ಲೇ ಹಾಕಿದೆ. ಏನು ಬರೆದಿತ್ತು ಅಂತ ಮಾತ್ರ ಓದಲಿಲ್ಲ. ಓದಿದ್ದರೂ ಅರ್ಥವಾಗುತ್ತಿರಲಿಲ್ಲ.

ಮುಂದೆ ಕಾನೂನು ಓದುತ್ತಿರುವ ನನ್ನ ಅಕ್ಕನ ಮಗಳು ಹಬ್ಬಕ್ಕೆ ಬಂದಿದ್ದಾಗ ಆ ಕಾಯ್ದೆಯನ್ನು ಮೊಬೈಲಿನಲ್ಲಿ ತೆಗೆದು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. "ಮಾಮ, ಇದು ಪತ್ರಿಕೆ, ನಿಯತಕಾಲಿಕ ಅಚ್ಚು ಹಾಕೋರಿಗೆ. ಪುಸ್ತಕವನ್ನೇ ಇದರಿಂದ ಹೊರಗಿಟ್ಟಿದ್ದಾರೆ. ನೀವು ಹಾಕೋದು ಲಗ್ನಪತ್ರಿಕೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ" ಅಂದಳು. ಚುನಾವಣೆಯ 127ಎ ಬೇರೆಯೇ ಕಾಯ್ದೆ, ಅದು ಹೋಗಿಲ್ಲ ಅಂತಲೂ ಹೇಳಿದಳು. ಬಂಟ ಬುರುಡೆ ಬಿಟ್ಟಿದ್ದ, ಬ್ರೋಕರ್ ಜೇಬಿಗೆ ಕೈ ಹಾಕಿದ್ದ. ಇಬ್ಬರಿಗೂ ಅಷ್ಟು ಧೈರ್ಯ ಕೊಟ್ಟದ್ದು ಏನು? ಕಾನೂನು ನನ್ನ ಭಾಷೆಯಲ್ಲಿ ಇಲ್ಲ ಅನ್ನುವ ಒಂದೇ ಸಂಗತಿ.

ಮೂರೂವರೆ ಸಾವಿರ ಹೋದದ್ದು ದೊಡ್ಡದಲ್ಲ. ಓದಲಾಗದ ಕಾಗದಕ್ಕೆ ಸಹಿ ಹಾಕಿದೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಇನ್ನು ನಿಮ್ಮ ವಿಷಯಕ್ಕೆ ಬನ್ನಿ. ನೀವು ಪ್ರೆಸ್ ಇಟ್ಟುಕೊಂಡಿಲ್ಲ, ಸರಿ. ಆದರೆ ಬೈಕ್ ಓಡಿಸುತ್ತೀರಿ, ಮೆರವಣಿಗೆಗೆ ಬರುತ್ತೀರಿ, ವಾಟ್ಸಾಪಿನಲ್ಲಿ ಬಂದದ್ದನ್ನು ನಾಲ್ಕು ಜನಕ್ಕೆ ತಳ್ಳುತ್ತೀರಿ. ನಿಮ್ಮನ್ನು ಹಿಡಿಯುವ, ಬಿಡುವ, ಶಿಕ್ಷಿಸುವ ಕಾನೂನುಗಳು ಮೂರೂ ಒಂದೇ ದಿನ ಬದಲಾದವು. 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತಾ ಬಂತು. 1973ರ ಕ್ರಿಮಿನಲ್ ಪ್ರೊಸೀಜರ್ ಕೋಡ್ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತಾ ಬಂತು. 1872ರ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. 2024ರ ಜುಲೈ 1ರಿಂದ ಜಾರಿ.

ಹಳೆಯದು ಗುಲಾಮಗಿರಿಯ ಕಾನೂನು ಅಂದರು. ನಾನು ಆ ವಾದಕ್ಕೆ ಹೋಗುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಆ ಹಳೆಯ ಕಾನೂನು ಇಂಗ್ಲಿಷಿನಲ್ಲಿ ಹುಟ್ಟಿದ್ದರೂ, ನೂರೈವತ್ತು ವರ್ಷ ಬಾಯಿಂದ ಬಾಯಿಗೆ ಹರಿದು ಕನ್ನಡವಾಗಿತ್ತು. ಮೋಸಗಾರನನ್ನು ನೋಡಿ "ಅವನೊಬ್ಬ ಫೋರ್ ಟ್ವೆಂಟಿ" ಅಂತ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯೂ ಅನ್ನುತ್ತಿದ್ದಳು. ಗಲಭೆಯಾದರೆ "144 ಹಾಕಿದ್ದಾರೆ, ಆಚೆ ಹೋಗಬೇಡ" ಅಂತ ಅಮ್ಮಂದಿರು ಹೇಳುತ್ತಿದ್ದರು. ಕೊಲೆ ಅಂದರೆ 302 ಅಂತ ಸಿನಿಮಾ ನೋಡಿದ ಮಕ್ಕಳಿಗೂ ಗೊತ್ತಿತ್ತು. ಇದು ಸಣ್ಣ ಆಸ್ತಿ ಅಲ್ಲ ಸ್ವಾಮಿ. ಶಾಲೆ ಕಾಣದ ಜನ ತಾವೇ ಕಷ್ಟಪಟ್ಟು ಕಟ್ಟಿಕೊಂಡ ಕಾನೂನು ಜ್ಞಾನ ಅದು. ಒಂದು ರಾತ್ರಿಯಲ್ಲಿ ಅಳಿಸಿಹೋಯಿತು. 420 ಈಗ 318ರ ನಾಲ್ಕನೇ ಉಪವಿಭಾಗ. 144 ಈಗ 163. 302 ಈಗ 103. ಹೊಸ ಅಂಕಿ ಬಾಯಿಗೆ ಬರಲು ಇನ್ನೆಷ್ಟು ವರ್ಷ ಬೇಕೋ! ಅಲ್ಲಿಯವರೆಗೆ ಸ್ಟೇಷನ್ನಿನಲ್ಲಿ ಬರೆದದ್ದೇ ಬರಹ, ಬ್ರೋಕರ್ ಹೇಳಿದ್ದೇ ಶಾಸ್ತ್ರ.

ನನ್ನ ಕಸುಬಿನವರ ಕೊರಳಿಗೆ ಬರುವ ಒಂದು ಕಲಮು ಅದರಲ್ಲೂ ಇದೆ. ಮಾನಹಾನಿಯ ವಿಷಯ ಅಂತ ಗೊತ್ತಿದ್ದೂ, ಇಲ್ಲವೇ ಹಾಗೆ ನಂಬಲು ಸರಿಯಾದ ಕಾರಣವಿದ್ದೂ ಅಚ್ಚು ಹಾಕಿದರೆ ಎರಡು ವರ್ಷದವರೆಗೆ ಸಜೆ. ಹಿಂದೆ 501 ಇತ್ತು, ಈಗ 356ರ ಮೂರನೇ ಉಪವಿಭಾಗ. ನೀವು ಬರೆದುಕೊಂಡು ಬರುತ್ತೀರಿ, "ಅಣ್ಣ, ಸ್ವಲ್ಪ ಖಾರವಾಗಿದೆ, ಹಾಕಿಬಿಡಿ" ಅನ್ನುತ್ತೀರಿ. ಕೆಳಗೆ ಹೆಸರಿರುವುದು ನನ್ನದು!

ಈಗ ಹೆಸರಿನ ಜಗಳಕ್ಕೆ ಬರೋಣ. ಈ ಮೂರು ಮಸೂದೆಗಳನ್ನು 2023ರ ಆಗಸ್ಟ್ 11ರಂದು ಲೋಕಸಭೆಯಲ್ಲಿ ಮಂಡಿಸಿದಾಗ ಹಿಂದಿ ಹೆಸರು ಯಾಕೆ ಅಂತ ದಕ್ಷಿಣದವರು ಕೂಗಿದರು. ನಾವೂ ಕೂಗಿದೆವು, ನಾನೇ ಅದರ ಪೋಸ್ಟರ್ ಅಚ್ಚು ಹಾಕಿದೆ. ಗೃಹ ಇಲಾಖೆಯ ಸಂಸದೀಯ ಸ್ಥಾಯಿ ಸಮಿತಿ ಈ ಆಕ್ಷೇಪವನ್ನು ನೋಡಿ, ಒಳಗಿನ ಪಠ್ಯ ಇಂಗ್ಲಿಷಿನಲ್ಲೇ ಇರುವುದರಿಂದ ಸಂವಿಧಾನದ 348ನೇ ವಿಧಿಗೆ ಭಂಗವಿಲ್ಲ ಅಂದಿತು. 2024ರಲ್ಲಿ ವಿಮಾನ ಕಾಯ್ದೆಯ ಸರದಿ, ಭಾರತೀಯ ವಾಯುಯಾನ ವಿಧೇಯಕ ಬಂತು. 2025ರ ಡಿಸೆಂಬರಿನಲ್ಲಂತೂ ಉದ್ಯೋಗ ಖಾತರಿಯ ಜಾಗಕ್ಕೆ ಬಂದದ್ದರ ಹೆಸರು ನೋಡಿ: ವಿಕಸಿತ ಭಾರತ್, ಗ್ಯಾರಂಟಿ ಫಾರ್ ರೋಜ್‌ಗಾರ್ ಅಂಡ್ ಆಜೀವಿಕಾ ಮಿಷನ್, ಗ್ರಾಮೀಣ್. ಅರ್ಧ ಹಿಂದಿ, ಅರ್ಧ ಇಂಗ್ಲಿಷು. ಮೊದಲಕ್ಷರ ಕೂಡಿಸಿದರೆ ವಿಬಿ ಜಿ ರಾಮ್ ಜಿ ಅಂತ ಆಗಬೇಕು, ಅದಕ್ಕೆ ಇಷ್ಟು ಕಸರತ್ತು. ನಮ್ಮ ಪ್ರೆಸ್ಸಿಗೆ ಯಾರಾದರೂ ಇಂಥ ತಲೆಬರಹ ತಂದಿದ್ದರೆ, "ಯಾವ ಭಾಷೆ ಅಂತ ಮೊದಲು ತೀರ್ಮಾನ ಮಾಡ್ಕೊಂಡು ಬನ್ನಿ" ಅಂತ ವಾಪಸು ಕಳಿಸುತ್ತಿದ್ದೆ.

ನನಗೂ ಸಿಟ್ಟಿದೆ. ಆದರೆ ಸಮಾಧಾನದಿಂದ ಯೋಚಿಸಿ. ನ್ಯಾಯ, ನಾಗರಿಕ, ಸಾಕ್ಷ್ಯ ಅನ್ನುವ ಮಾತು ನಮಗೆ ಅರ್ಥವಾಗದೇ? ಆಗುತ್ತದೆ. ಹೆಸರು ಅರ್ಥವಾಗುತ್ತದೆ, ಒಳಗಿರುವುದು ಆಗುವುದಿಲ್ಲ. ತಲೆಬರಹ ಹಿಂದಿ, ಹೊಟ್ಟೆಯೊಳಗೆ ಇಂಗ್ಲಿಷು, ಕನ್ನಡ ಎಲ್ಲಿದೆ? ನಾಳೆ ಬೆಳಿಗ್ಗೆ ನಮ್ಮ ಕೂಗಿಗೆ ಹೆದರಿ ಮೂರೂ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿದರು ಅಂತಿಟ್ಟುಕೊಳ್ಳಿ. ನನ್ನಂಥ ಪಿಯುಸಿ ಓದಿದವನಿಗೆ, ನಿಮ್ಮ ಆಟೋ ಓಡಿಸುವ ಅಪ್ಪನಿಗೆ ಅದರಿಂದ ಒಂದು ಸಾಲಾದರೂ ಹೆಚ್ಚು ತಿಳಿಯುತ್ತದೆಯೇ? ನಾವು ಬೋರ್ಡಿನ ಜೊತೆ ಜಗಳವಾಡುತ್ತಾ ಅಂಗಡಿಯೊಳಗೆ ಏನು ಮಾರುತ್ತಿದ್ದಾರೆ ಅನ್ನುವುದನ್ನು ನೋಡಲಿಲ್ಲ.

ಪ್ರೆಸ್ಸಿನಲ್ಲಿ ಒಂದು ನಿಯಮವಿದೆ. ಪ್ರೂಫ್ ತೋರಿಸದೆ ಮಷಿನ್ ಹತ್ತಿಸಬಾರದು. ಹೊಸದಾಗಿ ಕೂತಿದ್ದ ದಿನಗಳಲ್ಲಿ ಒಮ್ಮೆ ಆತುರಕ್ಕೆ ಬಿದ್ದು ಪ್ರೂಫ್ ತೋರಿಸದೆ ಐನೂರು ಲಗ್ನಪತ್ರಿಕೆ ಹೊಡೆದುಬಿಟ್ಟೆ. ಹುಡುಗಿಯ ಹೆಸರಿನ ಜಾಗದಲ್ಲಿ ಅವಳ ತಂಗಿಯ ಹೆಸರು! ಅವರ ಮನೆಯಲ್ಲಿ ಏನು ನಡೆಯಿತು ಅಂತ ನಾನು ಹೇಳುವುದಿಲ್ಲ. ಪೂರ್ತಿ ಮತ್ತೆ ಹೊಡೆದುಕೊಟ್ಟೆ, ಕಾಗದದ ದುಡ್ಡು ಅಪ್ಪ ನನ್ನ ಸಂಬಳದಲ್ಲಿ ಹಿಡಿದರು. ಅಂದಿನಿಂದ ಯಜಮಾನರ ಕೈಗೆ ಪ್ರೂಫ್ ಕೊಟ್ಟು, ಓದಿಸಿ, ಸಹಿ ಹಾಕಿಸಿಕೊಂಡ ಮೇಲೆಯೇ ಅಚ್ಚು.

ಮಸೂದೆ ಅಂದರೆ ಕಾನೂನಿನ ಪ್ರೂಫು. ಮಂಡನೆಯಾಗಿ ಪಾಸಾಗುವವರೆಗೆ ಅದನ್ನು ತಿದ್ದಬಹುದು. ಒಂದೊಂದು ಕಲಮಿಗೂ ಸದಸ್ಯರು ತಿದ್ದುಪಡಿ ಕೊಡಬಹುದು, ಸಮಿತಿಗೆ ಕಳಿಸಬಹುದು, ಸಮಿತಿ ತಜ್ಞರನ್ನು, ಸಂಘಸಂಸ್ಥೆಗಳನ್ನು ಕರೆದು ಕೇಳಬಹುದು. ರಾಷ್ಟ್ರಪತಿಗಳ ಅಂಕಿತ ಬಿತ್ತೋ, ಪ್ಲೇಟ್ ಮಷಿನ್ನಿಗೆ ಹತ್ತಿದ ಹಾಗೆ. ಆಮೇಲೆ ಕನ್ನಡದಲ್ಲಿ ಪುಸ್ತಕ ಬಂದರೆ ಓದಿ ತಿಳಿದುಕೊಳ್ಳಬಹುದು, ತಿದ್ದುವ ಹಾಗಿಲ್ಲ. ಹೊಸ ಕ್ರಿಮಿನಲ್ ಕಾನೂನಿಗೆ ಕನ್ನಡ ಪುಸ್ತಕಗಳು ಬಂದವು, ನಿಜ. ಅಂಗಡಿಯಲ್ಲಿ ಸಿಗುತ್ತವೆ. ಅದು ಅಚ್ಚಾದ ಪತ್ರಿಕೆ, ಪ್ರೂಫ್ ಅಲ್ಲ.

ಆ ಮೂರು ಮಸೂದೆಗಳಿಗೆ ಸಮಯವಾದರೂ ಸಿಕ್ಕಿತ್ತು. ಆಗಸ್ಟ್ 11ಕ್ಕೆ ಮಂಡನೆ, ನವೆಂಬರ್ 10ಕ್ಕೆ ಸಮಿತಿಯ ವರದಿ. ಡಿಸೆಂಬರ್ 12ಕ್ಕೆ ಹಳೆಯದನ್ನು ಹಿಂತೆಗೆದುಕೊಂಡು ತಿದ್ದಿದ ಹೊಸ ಮಸೂದೆ. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 25ಕ್ಕೆ ಅಂಕಿತ. ಆ ಅಧಿವೇಶನದಲ್ಲಿ ಎರಡೂ ಸದನ ಸೇರಿ 140ಕ್ಕೂ ಹೆಚ್ಚು ವಿರೋಧ ಪಕ್ಷದ ಸದಸ್ಯರನ್ನು ಅಮಾನತು ಮಾಡಿ ಹೊರಗಿಟ್ಟಿದ್ದರು ಅನ್ನುವುದನ್ನೂ ಮರೆಯಬೇಡಿ. ಆದರೂ ನಡುವೆ ನಾಲ್ಕು ತಿಂಗಳಿತ್ತು. ಆ ನಾಲ್ಕು ತಿಂಗಳಲ್ಲಿ ನಾನು ಏನು ಮಾಡಿದೆ? ಹೆಸರಿನ ಮೇಲೆ ಒಂದು ಪೋಸ್ಟರ್ ಹೊಡೆದೆ. 356ರಲ್ಲಿ ಮುದ್ರಕನ ತಲೆಗೆ ಏನು ಕಟ್ಟಿದ್ದಾರೆ, ಅದನ್ನು ಸ್ವಲ್ಪ ಸಡಿಲಿಸಿ ಅಂತ ಒಂದು ಕಾರ್ಡು ಬರೆಯಲಿಲ್ಲ. ಅದರಲ್ಲಿ ನನ್ನ ವಿಷಯ ಇದೆ ಅನ್ನುವುದೇ ಗೊತ್ತಿರಲಿಲ್ಲ. ನೀವೇನು ಮಾಡಿದಿರಿ ಅಂತ ನಾನು ಕೇಳುವುದಿಲ್ಲ.

ಉದ್ಯೋಗ ಖಾತರಿಗೆ ಆ ಸಮಯವೂ ಇರಲಿಲ್ಲ. 2025ರ ಡಿಸೆಂಬರ್ 16ಕ್ಕೆ ಮಂಡನೆ. 18ಕ್ಕೆ ಲೋಕಸಭೆಯಲ್ಲಿ ಪಾಸು. ಅದೇ ರಾತ್ರಿ ಹನ್ನೆರಡು ದಾಟಿದ ಮೇಲೆ ರಾಜ್ಯಸಭೆಯಲ್ಲಿ ಪಾಸು. 21ಕ್ಕೆ ಅಂಕಿತ. 100 ದಿನದ ಕೆಲಸ 125 ದಿನ ಆಗುತ್ತದೆ ಅಂದರು, ಖರ್ಚಿನಲ್ಲಿ ನೂರಕ್ಕೆ ನಲವತ್ತನ್ನು ನಮ್ಮಂಥ ರಾಜ್ಯಗಳೇ ಕೊಡಬೇಕು ಅಂದರು. ಒಳ್ಳೆಯದೋ ಕೆಟ್ಟದ್ದೋ ಆಮೇಲಿನ ಮಾತು. ರಾಯಚೂರಿನಲ್ಲಿ ಕೆರೆ ಹೂಳು ಎತ್ತುವ ಹೆಂಗಸಿನ ಕೂಲಿಯ ಕಾನೂನು ಅದು. ಮೂರು ದಿನದಲ್ಲಿ ಅವಳ ಭಾಷೆಯಲ್ಲಿ ಅವಳ ಕೈಗೆ ಬಂತೇ? ಅವಳು ಓದದಿದ್ದರೆ ಅವಳ ಪಂಚಾಯ್ತಿ ಸದಸ್ಯನಾದರೂ ಓದಿ ಹೇಳಬೇಕಲ್ಲ, ಅವನಿಗಾದರೂ ಬಂತೇ?

ಇದಕ್ಕೆ ಕಾನೂನು ಏನು ಹೇಳುತ್ತದೆ ಅಂತ ಅಕ್ಕನ ಮಗಳಿಂದ ಬರೆಸಿಕೊಂಡು ಬಂದಿದ್ದೇನೆ. ಚೀಟಿ ನೋಡಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸಂವಿಧಾನದ 348ನೇ ವಿಧಿಯ ಪ್ರಕಾರ ಸಂಸತ್ತಿನಲ್ಲಿ ಮಂಡಿಸುವ ಮಸೂದೆಯ ಅಧಿಕೃತ ಪಠ್ಯ ಇಂಗ್ಲಿಷಿನಲ್ಲಿರಬೇಕು. 1963ರ ರಾಜಭಾಷಾ ಕಾಯ್ದೆಯ 5ನೇ ಕಲಮಿನ ಎರಡನೇ ಉಪವಿಭಾಗದಲ್ಲಿ, ಆ ಇಂಗ್ಲಿಷ್ ಪಠ್ಯದ ಜೊತೆಗೆ ಹಿಂದಿ ಅನುವಾದ ಇರಬೇಕು ಅಂತಿದೆ. ಗಮನಿಸಿ, ಹಿಂದಿಯವರಿಗೆ ಪ್ರೂಫ್ ಮೊದಲೇ ಸಿಗಲಿ ಅಂತ ಕಾನೂನೇ ವ್ಯವಸ್ಥೆ ಮಾಡಿದೆ. ಕನ್ನಡಕ್ಕೆ ಏನಿದೆ? 1973ರಲ್ಲಿ ಒಂದು ಕಾಯ್ದೆ ಮಾಡಿದರು. ಕೇಂದ್ರದ ಕಾನೂನನ್ನು ಪ್ರಾದೇಶಿಕ ಭಾಷೆಗೆ ಅನುವಾದಿಸಿ, ರಾಷ್ಟ್ರಪತಿಗಳ ಅಧಿಕಾರದಡಿ ಗೆಜೆಟ್ಟಿನಲ್ಲಿ ಪ್ರಕಟಿಸಿದರೆ ಅದೂ ಅಧಿಕೃತ ಪಠ್ಯವೇ ಅಂತ. ಒಳ್ಳೆಯ ಕಾಯ್ದೆ. ಆದರೆ ಅದು ಪಾಸಾದ ಕಾನೂನಿಗೆ, ಮಸೂದೆಗೆ ಅಲ್ಲ. ಅವರಿಗೆ ಪ್ರೂಫು, ನಮಗೆ ರದ್ದಿ!

ಆದ್ದರಿಂದ ನಾವು ಕೇಳಬೇಕಾದದ್ದು ಆ ಎರಡನೇ ಉಪವಿಭಾಗದಲ್ಲಿ ಒಂದೇ ಸಾಲಿನ ಸೇರ್ಪಡೆ. ಹಿಂದಿ ಅನುವಾದ ಅನ್ನುವ ಕಡೆ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳ ಅನುವಾದ ಅಂತ ಆಗಬೇಕು. ಅಧಿಕೃತ ಪಠ್ಯ ಇಂಗ್ಲಿಷೇ ಇರಲಿ. ಕೋರ್ಟಿನಲ್ಲಿ ಗೊಂದಲವಾಗುತ್ತದೆ ಅನ್ನುವವರ ಬಾಯಿ ಅಲ್ಲಿಗೆ ಮುಚ್ಚುತ್ತದೆ. ಹಿಂದಿಯನ್ನು ಕಿತ್ತುಹಾಕಿ ಅಂತಲೂ ಹೇಳುತ್ತಿಲ್ಲ. ಅವರ ತಟ್ಟೆಗೆ ಬಡಿಸಿದ್ದನ್ನು ನಮ್ಮ ಎಲೆಗೂ ಬಡಿಸಿ ಅಂತಷ್ಟೇ.

22 ಭಾಷೆಗೆ ಯಾರು ಮಾಡುತ್ತಾರೆ, ಎಷ್ಟು ಖರ್ಚು ಅನ್ನುತ್ತಾರೆ. ಲೋಕಸಭೆಯಲ್ಲಿ ಮಾತನ್ನು ಆ ಕ್ಷಣವೇ ಕನ್ನಡವೂ ಸೇರಿದಂತೆ ಹಲವು ಭಾಷೆಗೆ ಹೇಳುವ ವ್ಯವಸ್ಥೆ ಇದೆ. 2025ರ ಫೆಬ್ರವರಿಯಲ್ಲಿ ಇನ್ನೂ ಆರು ಭಾಷೆ ಸೇರಿಸಿದ್ದಾಗಿ ಸಭಾಧ್ಯಕ್ಷರೇ ಹೇಳಿದರು. ಆಡುವ ಮಾತನ್ನು ಆಗಲೇ ತಿರುಗಿಸಬಲ್ಲವರಿಗೆ ತಿಂಗಳುಗಟ್ಟಲೆ ಕಚೇರಿಯಲ್ಲಿ ಕೂತು ಬರೆದ ಮಸೂದೆಯನ್ನು ತಿರುಗಿಸಲು ಆಗುವುದಿಲ್ಲವೇ? ಆಗುತ್ತದೆ. ಕೇಳುವವರಿಲ್ಲ. ಹಾಗಂತ ಕಂಪ್ಯೂಟರಿಗೆ ಹಾಕಿ ಉಗಿಸಿದ ಕನ್ನಡ ಬೇಡ. ಆ ಕನ್ನಡ ಅರ್ಥವಾಗಲು ಮತ್ತೆ ಇಂಗ್ಲಿಷ್ ಓದಬೇಕು. ಅಂಥ ಕೆಲಸ ದಿನಾ ನನ್ನ ಪ್ರೆಸ್ಸಿಗೆ ಬರುತ್ತದೆ, ಸಾಕಾಗಿದೆ.

ಕೇಳಿದರೆ ಸಿಗುತ್ತದೆಯೇ ಅನ್ನುತ್ತೀರಾ? 2020 ನೆನಪಿಸಿಕೊಳ್ಳಿ. ಕೊರೊನಾ ಲಾಕ್‌ಡೌನ್ ಕಾಲ. ಕೇಂದ್ರ ಪರಿಸರ ಸಚಿವಾಲಯ, ಕಾರ್ಖಾನೆ, ಗಣಿ, ಅಣೆಕಟ್ಟುಗಳಿಗೆ ಅನುಮತಿ ಕೊಡುವ ಮುಂಚೆ ಪರಿಸರದ ಮೇಲಾಗುವ ಪರಿಣಾಮ ಅಳೆಯುವ ನಿಯಮಗಳನ್ನು ಬದಲಿಸುವ ಕರಡು ಹೊರಡಿಸಿತು. ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಜನ ಕೋರ್ಟಿಗೆ ಹೋದರು. ಎಂಟನೇ ಪರಿಚ್ಛೇದದ 22 ಭಾಷೆಗೂ ಅನುವಾದ ಮಾಡಿಸಿ ಪ್ರಕಟಿಸಿ ಅಂತ ಜೂನ್ 30ರಂದು ದಿಲ್ಲಿ ಹೈಕೋರ್ಟು ಹೇಳಿತು. ಆಗಸ್ಟಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಓಡಿದರೆ ಅಲ್ಲಿಯೂ ತಕ್ಷಣ ಕೈ ಹಿಡಿಯಲಿಲ್ಲ. ಅದು ಮಸೂದೆಯಲ್ಲ, ಅಧಿಸೂಚನೆಯ ಕರಡು, ಒಪ್ಪಿದೆ. ಆದರೆ ನನ್ನ ಭಾಷೆಯಲ್ಲಿ ತೋರಿಸದೆ ನನ್ನ ಅಭಿಪ್ರಾಯ ಕೇಳಿದೆವು ಅನ್ನುವುದು ಸುಳ್ಳು ಅನ್ನುವ ಮಾತು ಅಲ್ಲಿ ನಿಂತಿತು. ಬೀದಿಯಲ್ಲಿ ಕೂಗಿದ್ದರಿಂದ ಮಾತ್ರ ನಿಂತದ್ದಲ್ಲ, ಕಾಗದ ಬರೆದು ಹೋರಾಡಿದ್ದರಿಂದ ನಿಂತದ್ದು.

ಇನ್ನೊಂದು ದಾರಿಯೂ ಇದೆ. ಮಸೂದೆಯನ್ನು ಮಂತ್ರಿಯೇ ತರಬೇಕು ಅಂತಿಲ್ಲ. ಯಾವ ಸದಸ್ಯನೂ ತರಬಹುದು. ಖಾಸಗಿ ಸದಸ್ಯರ ಮಸೂದೆ ಅನ್ನುತ್ತಾರೆ, ಲೋಕಸಭೆಯಲ್ಲಿ ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಅದಕ್ಕೆ ಮೀಸಲು. ಅಷ್ಟು ಹೊತ್ತಿಗೆ ಬಹಳ ಜನ ಊರಿಗೆ ವಿಮಾನ ಹತ್ತಿರುತ್ತಾರೆ, ಅದು ಬೇರೆ ವಿಷಯ. ಇದುವರೆಗೆ ಹೀಗೆ ಪಾಸಾದದ್ದು ಬರೀ 14, ಕೊನೆಯದು 1970ರಲ್ಲಿ. ಹಾಗಾದರೆ ಪ್ರಯೋಜನವೇನು ಅನ್ನಬೇಡಿ. ಪ್ರೆಸ್ಸಿನವನಾದ ನಾನು ಆ ಹದಿನಾಲ್ಕರಲ್ಲಿ ಒಂದಕ್ಕೆ ಕೈ ಮುಗಿಯುತ್ತೇನೆ. ಸಂಸತ್ತಿನಲ್ಲಿ ನಡೆದ ಮಾತನ್ನು ನಿಷ್ಠೆಯಿಂದ ವರದಿ ಮಾಡಿದ ಪತ್ರಿಕೆಯ ಮೇಲೆ ಮೊಕದ್ದಮೆ ಹಾಕಬಾರದು ಅನ್ನುವ ಮಸೂದೆಯನ್ನು ತಂದವರು ರಾಯ್‌ಬರೇಲಿಯ ಸದಸ್ಯ ಫಿರೋಜ್ ಗಾಂಧಿ. 1956ರಲ್ಲಿ ಅದು ಕಾನೂನಾಯಿತು. ತುರ್ತು ಪರಿಸ್ಥಿತಿಯಲ್ಲಿ ಅವರ ಹೆಂಡತಿಯ ಸರ್ಕಾರವೇ ಅದನ್ನು ರದ್ದು ಮಾಡಿತು, 1977ರಲ್ಲಿ ಮತ್ತೆ ತಂದರು. ಪಾಸಾಗದ ಮಸೂದೆಯೂ ವ್ಯರ್ಥವಲ್ಲ. ತಮಿಳುನಾಡಿನ ತಿರುಚ್ಚಿ ಶಿವ ಅವರು ಲಿಂಗಪರಿವರ್ತಿತರ ಹಕ್ಕಿಗಾಗಿ ತಂದ ಮಸೂದೆ 2015ರಲ್ಲಿ ರಾಜ್ಯಸಭೆಯಲ್ಲಿ ಪಾಸಾಯಿತು. ಲೋಕಸಭೆ ದಾಟಲಿಲ್ಲ. ಆದರೆ ಆಮೇಲೆ ಸರ್ಕಾರವೇ ತನ್ನ ಮಸೂದೆ ತಂದು 2019ರಲ್ಲಿ ಕಾಯ್ದೆ ಮಾಡಿತು. ಆ ಕಾಯ್ದೆ ಶಿವ ಅವರ ಮಸೂದೆಯಷ್ಟು ಚೆನ್ನಾಗಿಲ್ಲ ಅನ್ನುವವರೂ ಇದ್ದಾರೆ.

ನಮ್ಮಿಂದ ಲೋಕಸಭೆಗೆ 28, ರಾಜ್ಯಸಭೆಗೆ 12, ಒಟ್ಟು 40 ಜನ. ಪಕ್ಷ ಯಾವುದಾದರೂ ಆಗಲಿ. ಇವರಲ್ಲಿ ಒಬ್ಬರಾದರೂ ಆ ಒಂದು ಸಾಲಿನ ತಿದ್ದುಪಡಿಯನ್ನು ಒಂದು ಶುಕ್ರವಾರ ಮಂಡಿಸಲಿ. 1967ರಲ್ಲಿ ಶಿವಮೊಗ್ಗದಿಂದ ಗೆದ್ದುಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲೇ ಮಾತಾಡಿದರು. ಆಗ ಇಯರ್‌ಫೋನ್ ಕಿವಿಗಿಟ್ಟರೆ ಕನ್ನಡ ಕೇಳುವ ಈಗಿನ ಸವಲತ್ತು ಇರಲಿಲ್ಲ. ಸದನಕ್ಕೆ ಅರ್ಥವಾಗಲಿ ಬಿಡಲಿ, ಮಾತಾಡಿದರು. ಈಗ ಸವಲತ್ತಿದೆ, ನಮ್ಮವರ ಬಾಯಿಯೇ ಬಿದ್ದುಹೋಗಿದೆ! ಓಟಿಗೆ ಬಂದಾಗ ಕನ್ನಡದ ಕಂದ, ದಿಲ್ಲಿ ವಿಮಾನ ಇಳಿದ ಕೂಡಲೇ ಮೌನಿಬಾಬಾ. ಅವರ ಹ್ಯಾಂಡ್‌ಬಿಲ್ಲು ಅಚ್ಚು ಹಾಕಿದವನು ನಾನು, ಅದರಲ್ಲಿ ಏನೇನು ಬರೆಸಿದ್ದರು ಅಂತ ಒಂದೊಂದು ಪ್ರತಿ ಇಟ್ಟುಕೊಂಡಿದ್ದೇನೆ.

ಅವರಿಗೆ ಬರೆಯುವ ಕಾಗದದ ಕರಡು ನಿಮ್ಮ ಹುಡುಗರ ಕೈಲಿದೆ. ನಲವತ್ತು ಜನಕ್ಕೂ ನಲವತ್ತು ಕಾಗದ, ಕೈಬರಹದಲ್ಲಿ. ಅಚ್ಚು ಹಾಕಿಸಬೇಡಿ. ಅಚ್ಚಾದ ಮನವಿಯನ್ನು ಅವರು ಓದುವುದಿಲ್ಲ, ನಾನೇ ಹೇಳುತ್ತಿದ್ದೇನೆ, ನನ್ನ ವ್ಯಾಪಾರಕ್ಕೆ ನಷ್ಟವಾದರೂ ಪರವಾಗಿಲ್ಲ.

ಅವರು ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ಮಸೂದೆ ಮಂಡನೆಯಾದ ದಿನವೇ ಇಂಗ್ಲಿಷ್ ಪ್ರತಿ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತದೆ. ಇಲ್ಲಿ ಕೂತಿರುವ ನಿಮ್ಮಲ್ಲಿ ಲಾ ಓದುತ್ತಿರುವವರು ಮೂವರಿದ್ದೀರಿ, ಕನ್ನಡ ಎಂಎ ಮಾಡಿದವರು ಇಬ್ಬರನ್ನು ನಾನೇ ಬಲ್ಲೆ. ಮುಂದಿನ ಅಧಿವೇಶನದಲ್ಲಿ ಯಾವುದಾದರೂ ಒಂದು ಮಸೂದೆ ಹಿಡಿಯಿರಿ. ದೊಡ್ಡದೇ ಬೇಡ. ನಮ್ಮ ಕೂಲಿಯವರಿಗೋ, ಅಂಗಡಿಯವರಿಗೋ, ಓದುವ ಮಕ್ಕಳಿಗೋ ತಟ್ಟುವಂಥದ್ದು. ಹಂಚಿಕೊಂಡು ಕನ್ನಡ ಮಾಡಿ. ಪ್ರತಿ ಕಲಮಿನ ಕೆಳಗೆ, ಇದು ಯಾರಿಗೆ ತಟ್ಟುತ್ತದೆ ಅಂತ ಎರಡು ಸಾಲು ಬರೆಯಿರಿ. ಅಕ್ಕನ ಮಗಳು ನೋಡಿಕೊಡುತ್ತೇನೆ ಅಂದಿದ್ದಾಳೆ. ಇದು ಅಧಿಕೃತ ಅನುವಾದವಲ್ಲ ಅಂತ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕೋಣ.

ಒಂದು ಫಾರಂ, ಹದಿನಾರು ಪುಟ, ಸಾವಿರ ಪ್ರತಿ. ಪ್ಲೇಟು, ಇಂಕು, ಅಚ್ಚಿನ ಕೂಲಿ ನನ್ನದು. ಕಾಗದ ನೀವು ತನ್ನಿ, ಎರಡು ರೀಮು ಸಾಕು. ಮಡಿಸಿ ಪಿನ್ ಹೊಡೆಯಲು ನಾಲ್ಕು ಜನ ಬನ್ನಿ. ಕೊನೆಯ ಪುಟದ ಕೆಳಗೆ ಮುದ್ರಕನ ಹೆಸರು, ವಿಳಾಸ ನನ್ನದೇ ಇರುತ್ತದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪ್ರೆಸ್ ಬಾಗಿಲು ತೆಗೆದಿರುತ್ತೇನೆ. ಬರುವಾಗ ಆ ರಾಜ್ಯೋತ್ಸವದ ಬಾಕಿಯನ್ನೂ ತನ್ನಿ.